ಹೂಂ ಅಂದಿದ್ದಕ್ಕೆ ರೋಮಿನಲ್ಲಿ ಏನು ಮಾಡ್ತಿದ್ರು

ಫೋನಲ್ಲಿ ಟೈಪ್ ಮಾಡೋದು ಈಗಷ್ಟೇ ಕಲಿತಿದೀನಿ, ಒಂದೇ ಬೆರಳಲ್ಲಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೆಲ್ಬರ್ನ್ ಕಡೆ ಕ್ರಾನ್‌ಬರ್ನ್‌ನಲ್ಲಿರೋ ಮಗಳು ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ ಉದ್ದಕ್ಕೆ ಏನೋ ಹೇಳಿದಳು. ನಾನು ಹೂಂ ಹೂಂ ಅಂತಿದ್ದೆ. ಕಥೆ ಹೇಳೋರಿಗೆ ಹೂಂಗುಟ್ಟದಿದ್ರೆ ಕಥೆ ನಿಂತುಹೋಗುತ್ತೆ ಅಂತ ಚಿಕ್ಕಂದಿನಿಂದ ಅಭ್ಯಾಸ. ನಿಜ ಏನಂದ್ರೆ, ನನಗೆ ಅರ್ಧಕ್ಕರ್ಧ ಕೇಳಿಸ್ತಿರಲಿಲ್ಲ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಾನಿರೋದು ಮಗನ ಮನೇಲಿ, ಅವನಿಗೂ ಹೇಳಿರಲಿಲ್ಲ. ಗೊತ್ತಾದ್ರೆ ನಾನು ಮೆಟ್ರೋ ಹತ್ತಿ ಒಬ್ಬಳೇ ಸುತ್ತಾಡೋದು ಬಂದ್! ತುಟಿ ನೋಡ್ಕೊಂಡು, ನಗ್ತಾ ಕಾಲ ತಳ್ತಿದ್ದೆ.

ಆಮೇಲೆ ಮಗಳಿಂದ ಫೋಟೋ ಬಂತು. ಹೊಸ ಬಣ್ಣ ಬಳಿದ ರೂಮು, ಮೂಲೇಲಿ ದೇವರ ಮಂಟಪ. ಕೆಳಗೆ ಬರೆದಿದ್ದಳು: "ಅಮ್ಮ, ಇನ್ಮೇಲೆ ಖಾಯಂ ಇಲ್ಲೇ ಇರ್ತೀಯಾ ಅಂದ ತಕ್ಷಣ ಹೂಂ ಅಂದ್ಬಿಟ್ಟೆಯಲ್ಲ! ನಿನ್ನ ರೂಮು ರೆಡಿ."

ನನಗೆ ಹೋಗೋಕಿಷ್ಟ ಇಲ್ಲ. ಬರಲ್ಲ ಅಂದ್ರೆ ಮಗಳು ಅಳ್ತಾಳೆ, ಕೇಳಿಸಲಿಲ್ಲ ಅಂದ್ರೆ ನನ್ನ ಗುಟ್ಟು ರಟ್ಟು. ಫೋನ್ ಬೆಳಗಿದ್ರೂ ಬೆಚ್ಚಿಬೀಳ್ತಿದ್ದೆ.

ಲಾ ಓದೋ ಮೊಮ್ಮಗಳು ಊಟದ ಟೇಬಲ್ಲಿನ ಮೇಲೆ ಯುರೋಪಿನ ಕಾನೂನಿನ ಚರಿತ್ರೆ ಪುಸ್ತಕ ಹರಡ್ಕೊಂಡು ಪರೀಕ್ಷೆಗೆ ಓದ್ತಾ ಕೂತಿದ್ದಳು. ಅವಳದು ದೊಡ್ಡ ಗಂಟಲು, ಪುಣ್ಯಕ್ಕೆ. ಹುರುಳಿಕಾಯಿ ಸೋಸ್ತಾ ಮೆಲ್ಲಗೆ ಕೇಳಿದೆ, "ಯಾರೋ ಏನೋ ಕೇಳಿದ್ದಕ್ಕೆ ಹೂಂ ಅಂದ್ಬಿಟ್ರೆ ಕಾನೂನು ಏನನ್ನುತ್ತೆ?"

"ಯಾವ ಕಾಲದ ಕಾನೂನು, ಅಜ್ಜಿ?"

"ಮೊದಲಿಂದ ಹೇಳು."

"ಹಳೇ ರೋಮಲ್ಲಿ ಎದುರುಬದುರು ನಿಂತು 'ಕೊಡ್ತೀಯಾ?' ಅನ್ನಬೇಕು. ಅವನು 'ಕೊಡ್ತೀನಿ' ಅನ್ನಬೇಕು. ಅಂದ್ರೆ ಮುಗೀತು, ಫಿಕ್ಸ್."

"ಬರೀ ತಲೆ ಆಡಿಸಿದ್ರೆ?"

"ನಡಿಯಲ್ಲ."

"ಫೋನಲ್ಲಿ?"

"ಅಜ್ಜೀ! ರೋಮಲ್ಲಿ ಫೋನಾ? ದೂರದಲ್ಲಿದ್ರೆ ಆಗಲ್ಲ. ಕಿವುಡರ ಜೊತೆನೂ ಆಗಲ್ಲ."

ಕೈಲಿದ್ದ ಹುರುಳಿಕಾಯಿ ಜಾರಿ ಬಿತ್ತು. ಬಚಾವಾದೆ ಅಂತ ಒಂದು ಕಡೆ, ಇವಳಿಗೆ ಗೊತ್ತಾಯ್ತಾ ಅಂತ ಇನ್ನೊಂದು ಕಡೆ.

"ಆಮೇಲೆ?"

"ಒಬ್ಬ ಚಕ್ರವರ್ತಿ ಆ ಕಾನೂನೆಲ್ಲ ಒಟ್ಟುಗೂಡಿಸಿದ. ಅದು ಎಷ್ಟೋ ಕಾಲ ಮೂಲೇಲಿ ಬಿದ್ದಿತ್ತು. ಆಮೇಲೆ ಇಟಲಿ ಮೇಷ್ಟ್ರುಗಳು ಧೂಳು ಕೊಡವಿ ಪಾಠ ಮಾಡಿದ್ರು. ಚರ್ಚಿನೋರು, ಹೇಗೆ ಕೊಟ್ರೂ ಮಾತು ಮಾತೇ, ತಪ್ಪಿದ್ರೆ ಪಾಪ ಅಂದ್ರು."

"ಪಾಪಾನಾ?" ಮತ್ತೆ ಸಿಕ್ಕಿಹಾಕ್ಕೊಂಡೆ.

"ತಡಿ ಅಜ್ಜಿ. ಕೊನೆಗೆ ಫ್ರಾನ್ಸಿನೋರು ಎಲ್ಲಾ ಸೇರಿಸಿ ಒಂದೇ ಪುಸ್ತಕ ಮಾಡಿದ್ರು. ಮನಸ್ಸಿಂದ ಒಪ್ಪಿದ್ರೆ ಮಾತ್ರ ಒಪ್ಪಿಗೆ, ವಿಷಯಾನೇ ತಪ್ಪು ತಿಳ್ಕೊಂಡಿದ್ರೆ ಅಲ್ಲ."

"ಇಲ್ಲಿ, ಆಸ್ಟ್ರೇಲಿಯಾದಲ್ಲಿ?"

"ಇಲ್ಲಿ ಇಂಗ್ಲಿಷ್ ಕಾನೂನು. ಅದು ಬೇರೆ ಪೇಪರ್."

ನನ್ನ ಗ್ರಹಚಾರ, ಬೇಕಾದ ದೇಶದ್ದೇ ಬೇರೆ ಪೇಪರ್! ಅವಳು ನನ್ನನ್ನೇ ನೋಡಿದಳು. ಪುಸ್ತಕ ಬಾಯಿಗೆ ಅಡ್ಡ ಹಿಡಿದಳು. ಏನೋ ಗುಣುಗುಣು.

"ಹೂಂ," ಅಂದೆ.

ಪುಸ್ತಕ ಕೆಳಗಿಟ್ಟಳು. "ನಿನ್ನ ಮೂಗುಬೊಟ್ಟು ನಂಗೆ ಕೊಡ್ತೀಯಾ ಅಂದೆ. ಹೂಂ ಅಂದೆ ನೀನು."

"ಕಳ್ಳಿ!"

"ನೀನು ಕಳ್ಳಿ. ಯಾವಾಗಿಂದ ಕೇಳಿಸ್ತಿಲ್ಲ?"

ಎಲ್ಲಾ ಹೇಳಿದೆ. ಯಾರಿಗೂ ಹೇಳ್ಬೇಡ ಅಂತ ಗೋಗರೆದೆ.

"ನಾನು ಹೇಳಲ್ಲ," ಅಂದಳು. "ಆದ್ರೆ ಅತ್ತೆ ಆ ರೂಮು ದಿನಾ ಗುಡಿಸ್ತಿರ್ತಾರೆ. ರೋಮಿನೋರ ಥರ ಎದುರಿಗೆ ಕೂತು ನೀನೇ ಹೇಳು."

ಪರೀಕ್ಷೆ ಮುಗಿಸ್ಕೊಂಡು ಅವಳೇ ಮೆಲ್ಬರ್ನಿಗೆ ಕರ್ಕೊಂಡು ಹೋದಳು. ವಿಮಾನದಲ್ಲಿ ದೇವರ ಹೆಸರು ಬಿಟ್ಟು ಇನ್ನೇನೂ ನೆನಪಾಗಲಿಲ್ಲ.

ಕ್ರಾನ್‌ಬರ್ನ್ ಅಡುಗೆಮನೇಲಿ ಮಗಳನ್ನ ಎದುರಿಗೆ ಕೂರಿಸ್ಕೊಂಡೆ. "ಅವತ್ತು ಕೇಳಿದ್ದು ಈಗ ಇನ್ನೊಂದು ಸಲ ಕೇಳು."

ಅವಳು ನಕ್ಕಳು. "ಅಮ್ಮ, ನನ್ನ ಜೊತೆ ಇರ್ತೀಯಾ?"

"ಇರಲ್ಲ ಕಣೇ. ಬಂದು ಹೋಗಿ ಮಾಡ್ತೀನಿ. ಅವತ್ತು ನೀನಂದಿದ್ದು ನಂಗೆ ಕೇಳಿಸಲೇ ಇಲ್ಲ. ಕಿವಿ ಹೋಗ್ತಿದೆ."

ಅವಳ ನಗು ನಿಂತುಹೋಯ್ತು. ಎದ್ದು ಒಲೆ ಕಡೆ ತಿರುಗಿದಳು. ನನಗೆ ಕಂಡಿದ್ದು ಬೆನ್ನು ಮಾತ್ರ. ಏನೋ ಅಂದಳು, ಸುಮಾರು ಹೊತ್ತು.

ಹೂಂ ಅನ್ನೋದು ಗಂಟಲ ತನಕ ಬಂದಿತ್ತು, ನುಂಗಿಕೊಂಡೆ.

"ಏನಂದೆ? ಈ ಕಡೆ ತಿರುಗಿ ಹೇಳು, ಮಗಳೇ," ಅಂದೆ.