ವರಸೆಯ ನಡುವೆ ಎರಡು ಉಸಿರು

ಮೊನ್ನೆ ಮನೆಯವಳು ಕೌದಿಯ ಒಳಪದರಿಗೆಂದು ನವಲಗುಂದದಿಂದ ಐದು ಗಜ ಮಾದರಪಾಟ ಬಟ್ಟೆ ತಂದಳು. ಗಂಟು ಬಿಚ್ಚಿದ್ದೇ ತಡ, ಗಂಜಿ ಹಾಕಿದ ಹೊಸ ಬಟ್ಟೆಯ ಆ ಹುಳಿಹುಳಿ ವಾಸನೆ ನಡುಮನೆಗೆಲ್ಲ ಹಬ್ಬಿತು. ನನಗೆ ಅಲ್ಲಿ ಕೂಡಲಾಗಲಿಲ್ಲ. ಎದ್ದು ಹೊರಗಿನ ಕಟ್ಟೆಗೆ ಬಂದೆ. "ಚಾ ಹಂಗ ಬಿಟ್ರೆಲ್ರಿ" ಎಂದು ಒಳಗಿನಿಂದ ಕೂಗಿದಳು. ಎಲ್ಲಿಯ ಚಹಾ, ಎಲ್ಲಿಯ ನಾನು...

ಅದು ನಮ್ಮ ಮಾಸ್ತರರ ವಾಸನೆ. ಅವರು ನಮ್ಮೂರಿಗೆ ಲೈನ್‌ಮನ್ ಆಗಿ ಬಂದವರು. ಹಗಲೆಲ್ಲ ಕಂಬ ಹತ್ತುವುದು, ತಂತಿ ಜೋಡಿಸುವುದು. ಸಂಜೆಯಾಯಿತೆಂದರೆ ಮಾದರಪಾಟಿನಲ್ಲಿ ಹೊಲಿಸಿಕೊಂಡ ಕರಾಟೆಯ ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಟ್ಟು, ಮುಚ್ಚಿಹೋಗಿದ್ದ ಹತ್ತಿ ಗಿರಣಿಯ ಗೋದಾಮಿಗೆ ಬರುತ್ತಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಟೆಂಟಿನಲ್ಲಿ ಸಿನಿಮಾ ನೋಡಿ ಬಂದ ಹುಡುಗರೆಲ್ಲ ಸಿಕ್ಕ ಗೋಡೆಯನ್ನು ಒದೆಯುತ್ತಿದ್ದ ಕಾಲ. ನಾವು ಹನ್ನೆರಡು ಜನ ಅವರ ಹತ್ತಿರ ಕಲಿಯಲು ಸೇರಿದೆವು. ನನಗೆ ಹದಿನೇಳು.

ಪಾಠ ಶುರುವಾಗುವ ಮೊದಲು ಎದುರುಬದುರು ನಿಂತು ಸೊಂಟ ಬಗ್ಗಿಸಿ ನಮಸ್ಕಾರ. ನಾವು ಅವರಿಗೆ, ಅವರು ನಮಗೆ. "ಲೇ, ನೀವು ಒಂದು ಗೇಣು ಬಗ್ಗಿದ್ರ ನಾ ಎರಡು ಗೇಣು ಬಗ್ಗತೀನಿ, ನೋಡ್ಕೋರಿ" ಎನ್ನುತ್ತಿದ್ದರು. ಹಾಗೇ ಬಗ್ಗುತ್ತಿದ್ದರು ಕೂಡ. ಆದರೂ ಆ ಒಂದು ಗೇಣು ಊರಿಗೆ ನುಂಗಲಾರದ ತುತ್ತಾಯಿತು. ಮಾಸ್ತರರು ಮನೆ ಹಿಡಿದದ್ದು ಊರ ಹೊರಗಿನ ಓಣಿಯಲ್ಲಿ, ಆ ಓಣಿಯ ಜನದವರೇ; ಇಬ್ಬರನ್ನು ಬಿಟ್ಟರೆ ನಾವು ಹತ್ತು ಜನ ಒಳಗಿನ ಓಣಿಯ ಹೊಲಮನೆಯವರ ಮಕ್ಕಳು. ನಮ್ಮ ಆಯಿ ಅಂತೂ ಒಂದು ದಿನ ಬಾಗಿಲಲ್ಲೇ ತಡೆದಳು. "ಆ ಓಣ್ಯಾಗಿನಾಂವಗ ಬಗ್ಗತೀಯೇನೋ, ಮೂರೂ ಬಿಟ್ಟಾವನ?" ನಾನು, "ಅದು ಬರೇ ಆಟಾ ಬೇ ಆಯಿ" ಎಂದು ನುಣುಚಿಕೊಂಡೆ. ಆಟವಂತೆ ಆಟ! ಆಗಲೇ ನನ್ನ ನಾಲಿಗೆ ಹೊರಳುವುದನ್ನು ಕಲಿತಿತ್ತು.

ಮಾಸ್ತರರು ಕಲಿಸಿದ್ದು ಒಂದೇ ಒಂದು ವರಸೆ. ಎದುರಾಳಿ ಇಲ್ಲ, ಹೊಡೆದಾಟ ಇಲ್ಲ. ಗಾಳಿಯಲ್ಲೇ ತಡೆಯುವುದು, ತಿರುಗುವುದು, ಗುದ್ದುವುದು. ಗೊತ್ತಾದ ಹೆಜ್ಜೆ, ಗೊತ್ತಾದ ಸಾಲು. ಸಂಜೆಗೆ ಮೂವತ್ತು ಸಲ, ನಲವತ್ತು ಸಲ. ಹುಡುಗರಿಗೆ ತಲೆ ಕೆಟ್ಟುಹೋಗಿತ್ತು. ಹಂಚು ಒಡೆಯಬೇಕು, ಯಾರನ್ನಾದರೂ ಕೆಡವಬೇಕು ಎಂದು ಬಂದವರು ಅವರು. "ಗಾಳಿ ಗುದ್ದಿ ಗುದ್ದಿ ಸಾಕಾತಲೇ" ಎಂದು ಗೊಣಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಗೊಣಗುತ್ತಿದ್ದವನು ನಾನು.

ನಿಜ ಹೇಳಬೇಕೆಂದರೆ ನನಗೆ ಅದು ಜೀವಕ್ಕೆ ಜೀವವಾಗಿತ್ತು. ಹನ್ನೆರಡು ಹಿಮ್ಮಡಿಗಳು ಫರಸಿ ನೆಲಕ್ಕೆ ಒಮ್ಮೆಲೇ ಬಿದ್ದಾಗ ಎದೆಯಲ್ಲಿ ಏನೋ ತಟ್ಟುತ್ತಿತ್ತು. ವರಸೆಯ ನಟ್ಟನಡುವೆ ಒಂದು ಕಡೆ ಕೈ ಎದೆಗೆ ತಂದು, ಅಲ್ಲಾಡದೆ ನಿಲ್ಲಬೇಕಿತ್ತು. "ಇಲ್ಲೆ ಎರಡು ಉಸಿರು" ಎನ್ನುತ್ತಿದ್ದರು ಮಾಸ್ತರರು. ಮನೆ, ಪರೀಕ್ಷೆ, ಅಪ್ಪನ ಸಿಟ್ಟು ಯಾವುದೂ ಆ ಎರಡು ಉಸಿರಿನೊಳಗೆ ಬರುತ್ತಿರಲಿಲ್ಲ. ಹಿಡಿಸಿತು ಎಂದು ಗೆಳೆಯರ ಮುಂದೆ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ... ಹೇಳಲಿಲ್ಲ.

ಎರಡನೆಯ ವರ್ಷ ನಮ್ಮಲ್ಲೇ ಒಬ್ಬ ಹುಬ್ಬಳ್ಳಿಯ ಕರಾಟೆ ಗುರುವೊಬ್ಬರನ್ನು ಊರಿಗೆ ಕರೆತಂದ. ನಮ್ಮ ಮಾಸ್ತರರ ಸಂಭ್ರಮ ನೋಡಬೇಕಿತ್ತು. ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದರು, ಶಾಲೆಯಿಂದ ಕುರ್ಚಿ ತರಿಸಿದ್ದರು. "ಅವರು ಒಂದು ಮಾತು ಛಲೋ ಅಂದ್ರ ಸಾಕಲೇ, ಆಮ್ಯಾಗ ಊರಾಗ ಯಾರೂ ಉಸಿರೆತ್ತೂದಿಲ್ಲ" ಎಂದರು. ಅವರಿಗೆ ಬೇಕಾಗಿದ್ದು ಅಷ್ಟೇ.

ನಾವು ವರಸೆ ಮಾಡಿ ತೋರಿಸಿದೆವು. ಎರಡು ಉಸಿರಿನ ಹತ್ತಿರ ನಿಂತೆವು. ಗುರುಗಳು ನಕ್ಕುಬಿಟ್ಟರು. "ಇಲ್ಲೆ ಮೂರು ಹೆಜ್ಜಿ ನುಂಗೀರೆಲ್ರಿ! ಎಡಕ್ಕ ಹೋಗಿ, ಗುದ್ದಿ, ತಿರುಗಿ ಬರಬೇಕು. ನೀವ್ಯಾಕ ಸುಮ್ನ ನಿಂತ್ರಿ? ಎಲ್ಲೆ ಕಲ್ತೀರಿ ಇದನ್ನ?"

ಮಾಸ್ತರರು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ಆ ಪುಣ್ಯಾತ್ಮ. ಹುಡುಗರಾಗಿದ್ದಾಗ ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ತಾಟು ತೊಳೆಯುತ್ತಿದ್ದರಂತೆ. ಅದರ ಹಿಂದಿನ ದೊಡ್ಡ ಕೋಣೆಯಲ್ಲಿ ಕರಾಟೆ ಕ್ಲಾಸು. ಸೇರಿಸಿಕೊಳ್ಳಿರಿ ಎಂದು ಕೇಳಲು ಹೋದರೆ, ಮುಂದಿನ ತಿಂಗಳು ಬಾ ಎಂದರಂತೆ. ಮತ್ತೆ ಹೋದಾಗ ಜಾತಿ ತಿಳಿಯಲು ಮನೆತನದ ಅಡ್ಡಹೆಸರು ಕೇಳಿದರು. ಆಮೇಲೆ ಮುಂದಿನ ತಿಂಗಳು ಎನ್ನುವುದನ್ನೂ ಬಿಟ್ಟರು. "ಹಿಂದ ಒಂದು ಕಿಟಕಿ ಇತ್ರಿ. ತಾಟು ತಿಕ್ಕೋತ ನೋಡಿ ಕಲ್ತೆ. ಆ ಎಡಗಡೆ ಮೂಲಿ ನನಗ ಕಾಣ್ತಿರಲಿಲ್ಲ. ಅವರು ಅತ್ತಾಗ ಹೋದ್ರು ಅಂದ್ರ, ಮತ್ತ ಕಾಣೂತನಕ ಎರಡು ಉಸಿರು ಹಂಗ ನಿಂದರತಿದ್ದೆ."

ಗೋದಾಮಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಗುರುಗಳು ಮಾತ್ರ ನಗು ನಿಲ್ಲಿಸಿ, "ಉಳಿದದ್ದೆಲ್ಲಾ ಅಗದಿ ಬರೋಬ್ಬರಿ ಐತ್ರಿ. ನನ್ನ ಹುಡುಗರೂ ಹಿಂಗ ಮಾಡೂದಿಲ್ಲ" ಎಂದರು. ಆ ಮಾತನ್ನು ನಮ್ಮಲ್ಲಿ ಒಬ್ಬನೂ ಹೊತ್ತುಕೊಂಡು ಮನೆಗೆ ಹೋಗಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅಪ್ಪನ ಮುಂದೆ ಕಥೆ ಬಿಚ್ಚಿದೆ. ಕಿಟಕಿ, ತಾಟು, ಎರಡು ಉಸಿರು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ನನ್ನ ಜೊತೆ ನೆಟ್ಟಗೆ ಎರಡು ಮಾತಾಡದ ಅಪ್ಪ ಬಿದ್ದು ಬಿದ್ದು ನಕ್ಕ. ಅದೇ ಖುಷಿಗೆ ಇನ್ನೊಂದು ಸಲ ಮಾಡಿ ತೋರಿಸಿದೆ, ದರಿದ್ರದವನು! ಮರುದಿನ ಚಾವಡಿಯಲ್ಲಿ ಅಪ್ಪ ಅದನ್ನೇ ಹೇಳಿದ. ಮೂರು ದಿನದೊಳಗೆ ಗೋದಾಮಿಗೆ ಕೀಲಿ ಬಿತ್ತು. ಮಕ್ಕಳಿಗೆ ತಪ್ಪು ಕಲಿಸುತ್ತಾನೆ ಎಂಬುದು ಹಿರಿಯರು ಕೊಟ್ಟ ಕಾರಣ. ಬಗ್ಗುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಜರೂರೇ ಇರಲಿಲ್ಲ. ಮೂರು ಹೆಜ್ಜೆಯ ತಪ್ಪನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆನಲ್ಲ.

ಸಂಜೆ ಮಾಸ್ತರರು ಅದೇ ಬಿಳಿ ಅಂಗಿಯಲ್ಲಿ ಕೀಲಿ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ಮೋರೆಯಲ್ಲಿ ಸಿಟ್ಟಿರಲಿಲ್ಲ. "ಇರಲಿ ಬಿಡ್ರಲೇ, ಹಳ್ಳದ ಬಯಲಾಗ ಮಾಡೂಣು. ಆ ಮೂರು ಹೆಜ್ಜಿನೂ ಕಲ್ತೀನಿ ಈಗ. ಯಾರ್ಯಾರು ಬರ್ತೀರಿ?" ಎಂದರು. ಅವರ ಓಣಿಯ ಇಬ್ಬರು ಹುಡುಗರು ಮುಂದೆ ಬಂದರು. ನಾವು ಹತ್ತು ಜನ ನೆಲ ನೋಡಿದೆವು. ಮಾಸ್ತರರು ನನ್ನನ್ನೇ ನೋಡಿದರು. ಯಾರಿಗೆ ಹಿಡಿಸಿದೆ, ಯಾರಿಗಿಲ್ಲ ಎಂಬುದು ಕಲಿಸುವವನಿಗೆ ಗೊತ್ತಾಗದೆ ಇರುತ್ತದೆಯೇ? "ನೀ ಬಾರಲೇ" ಎಂದರು.

"ಪರೀಕ್ಷಾ ಅದಾವ್ರಿ" ಎಂದೆ. ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು.

ಮಾಸ್ತರರು "ಹೌದ್ರಿ. ಓದ್ಕೋರಿ" ಎಂದು ಹೇಳಿ ಸೈಕಲ್ಲು ತಳ್ಳಿಕೊಂಡು ಹೋದರು. ಅಂದಿನಿಂದ ನನಗೆ ಅವರು ಲೇ ಎನ್ನಲಿಲ್ಲ. ನಮ್ಮ ಮನೆಯ ಫ್ಯೂಜು ಹೋದಾಗ ಬಂದು ಸರಿಮಾಡಿ, "ಬಂತೇನ್ರಿ ಸಾಹುಕಾರ್ರ?" ಎಂದು ಹೊರಗೇ ನಿಂತು ಕೇಳುತ್ತಿದ್ದರು. ನಾನು ಒಳಗಿನಿಂದಲೇ ಹ್ಞೂಂ ಎನ್ನುತ್ತಿದ್ದೆ. ಬಯಲಿನ ಕ್ಲಾಸು ಎರಡು ತಿಂಗಳು ನಡೆದು ನಿಂತಿತೆಂದು ಕೇಳಿದೆ. ಆಮೇಲೆ ಅವರಿಗೆ ವರ್ಗವಾಯಿತು...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಕುಂದಗೋಳದ ಬಸ್ಸು ಹಿಡಿದು ಅವರ ಹುಟ್ಟೂರಿಗೆ ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ನಾನು ಕಾಲ ಹತ್ತಿರ ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಸತ್ತವರಿಗೆ ಬಗ್ಗಿದರೆ ಯಾವ ಓಣಿಯವರೂ ಏನೂ ಅನ್ನುವುದಿಲ್ಲ. ಅವರ ಮಗಳು ಹತ್ತಿರ ಬಂದು, "ನೀವು ಯಾರು ಅಂತ ಗೊತ್ತಾಗಲಿಲ್ರಿ" ಎಂದಳು. ಕೇಳಿದ್ದು ಒಂದೇ ಮಾತು. ಅದಕ್ಕೂ ನನ್ನ ನಾಲಿಗೆ ಹೊರಳಿತು. "ಪರಿಚಯದಾಂವ" ಎಂದೆ.

ಈಗ ಒಬ್ಬನೇ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೇನೆ: ಶಿಷ್ಯಾ ಅದೀನವ್ವಾ, ನಾ ಅವರ ಶಿಷ್ಯಾ. ಕೇಳಬೇಕಾದವರು ಇಲ್ಲದಾಗ ಎಷ್ಟು ಸಲೀಸಾಗಿ ಬರುತ್ತದೆ ಈ ಮಾತು.