ಪರದೇಶಕ್ಕೆ ಅಂಚೆಯಲ್ಲಿ ಹೋದ ಕಾರ್ಡು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕಂಪ್ಯೂಟರಿನ ತಿರುಪುಗಳನ್ನು ಮೊದಲು ಉಗುರಿನಿಂದಲೇ ಬಿಚ್ಚಲು ನೋಡುವರು. ಬಾರದಿದ್ದರೆ ಮಾತ್ರ ಸ್ಕ್ರೂಡ್ರೈವರ್. "ಮೇಜಿನ ಮೇಲೇ ಇದೆಯಲ್ಲ ಮೇಷ್ಟ್ರೇ" ಎಂದರೆ, "ಅದ್ನ ತಗೊಳೋ ಒತ್ಗೆ ಇದು ಬಿಚ್ಕೊಂಡಿರ್ತದೆ ಮೇಡಂ" ಎನ್ನುವರು. ಬಿಚ್ಚಿಕೊಳ್ಳುತ್ತಿದ್ದದ್ದು ಉಗುರು.

ಟಿ. ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಪ್ರಿನ್ಸಿಪಾಲ್ ಆಗಿದ್ದೆ. ಅವರು ಕಂಪ್ಯೂಟರ್ ಮೇಷ್ಟ್ರು, ಹದಿನಾರು ಎಂಬ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮನೆತನದಲ್ಲಿ ಸಂಬಳದ ಕೆಲಸ ಹಿಡಿದ ಮೊದಲಿಗರು. ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ. ಆದರೆ ಬುದ್ಧನ ತಾಳ್ಮೆ ಅವರ ಬಳಿ ಸುಳಿದಿರಲಿಲ್ಲ. ತಿಳಿಯದವರು ಕಂಪ್ಯೂಟರಿನ ಮಾತೆತ್ತಿದರೆ ಮುಖದ ಮೇಲೇ ನಗುವರು. ಹಾಜರಿಗೆ ಸಹಿ ಹಾಕುವುದನ್ನು ಮರೆಯುವರು. ಗಂಟೆ ಹೊಡೆದರೂ ಪಾಠ ನಿಲ್ಲಿಸರು. ಗಂಟೆಯ ಶಿಸ್ತಿನಲ್ಲೇ ಬೆಳೆದ ನನಗೂ ಅವರಿಗೂ ಇದರಿಂದ ಆಗಾಗ ಜಗಳ.

ಅದು ಎರಡು ಸಾವಿರದ ಇಸವಿ ಕಳೆದ ಮೊದಮೊದಲ ವರ್ಷಗಳು. ಇಡೀ ಕಾಲೇಜಿಗೆ ಒಂದೇ ಇಂಟರ್‌ನೆಟ್ ಸಂಪರ್ಕ. ಒಮ್ಮೆ ವೈರಸ್ ನುಗ್ಗಿ ಲ್ಯಾಬಿನ ಯಂತ್ರಗಳೆಲ್ಲ ಮಲಗಿಬಿಟ್ಟವು. ಆಮೇಲೆ ಮೇಷ್ಟ್ರು ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿಗೆ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಉಚಿತ ಫೈರ್‌ವಾಲ್ ತಂತ್ರಾಂಶ ಹಾಕಿ ಇಂಟರ್‌ನೆಟ್ ಒಳಬರುವ ಬಾಗಿಲಲ್ಲಿ ಕಾವಲಿಗೆ ಕೂರಿಸಿದರು. ಮತ್ತೆ ಆ ಕಾಟ ಇರಲಿಲ್ಲ.

ರಸ್ತೆಯಾಚೆ ಹೊಸ ಕಟ್ಟಡ ಎದ್ದಿತು. ಕಂಪ್ಯೂಟರ್ ಪದವಿಗೆ ಮಾನ್ಯತೆ ಬೇಕೆಂದರೆ ಅಲ್ಲಿನ ಲ್ಯಾಬಿಗೂ ಇಂಟರ್‌ನೆಟ್ ತಲುಪಬೇಕು. ಮಾನ್ಯತೆ ಬಂದರೆ ಮೇಷ್ಟ್ರ ಕೆಲಸ ಕಾಯಂ. ರಸ್ತೆ ದಾಟಿಸಿ ತಂತಿ ಎಳೆದೆವು. ಕಬ್ಬಿನ ಲಾರಿ ಹರಿದುಕೊಂಡು ಹೋಯಿತು. ಮತ್ತೆ ಎಳೆದೆವು, ಮತ್ತೊಂದು ಲಾರಿ. ಉಳಿದದ್ದು ವೈರ್‌ಲೆಸ್ ಒಂದೇ. ಮೇಷ್ಟ್ರು ಕಾವಲಿನ ಯಂತ್ರಕ್ಕೆ ಒಗ್ಗುವ ವೈರ್‌ಲೆಸ್ ಕಾರ್ಡಿನ ಹೆಸರನ್ನೂ ಒಳಗಿರಬೇಕಾದ ಚಿಪ್ಪನ್ನೂ ಹೇಳಿದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಮೈಸೂರಿಗೆ ಹೋಗಿ, ಒಂದು ಬಳಸಲು ಒಂದು ಇರಲಿ ಎಂದು, ಎರಡು ತಂದರು. ಹೆಸರು ಅದೇ, ಡಬ್ಬಿ ಅದೇ. ಯಂತ್ರ ಮಾತ್ರ ಕಾರ್ಡನ್ನು ಗುರುತಿಸಲೇ ಇಲ್ಲ. ತಯಾರಕರು ಒಳಗಿನ ಚಿಪ್ಪನ್ನು ಸದ್ದಿಲ್ಲದೆ ಬದಲಾಯಿಸಿದ್ದರು.

"ನೀವೇಳಿದ್ ಡಬ್ಬೀನೇ ತಂದಿವ್ನಲ್ಲ, ಇನ್ನೇನ್ರೀ ನಿಮ್ದು?" ಎಂದರು ಕಾರ್ಯದರ್ಶಿ.

"ಬಿತ್ನೆ ಚೀಲದ ಮೇಲೆ ಸೋನಾ ಅಂತಿದ್ದು, ಬೆಳುದ್ ಮೇಲೆ ಬ್ಯಾರೆ ಬತ್ತ ಬಂದ್ರೆ ಸುಮ್ಕಿರ್ತೀರಾ ಸಾ? ಒಳಗ್ಲ ಚಿಪ್ಪೇ ಬ್ಯಾರೆ. ಅದ್ನ ಮಾತಾಡ್ಸಕ್ಕೆ ಡ್ರೈವರ್ ಅಂತ ಬೇಕು. ಅದ್ನ ಇನ್ನೂ ಯಾರೂ ಬರ್ದಿಲ್ಲ."

"ಡಬ್ಬಿ ಒಳಗೆ ಸೀಡಿ ಕೊಟ್ಟವ್ರಲ್ರೀ!"

"ಅದು ಲ್ಯಾಬಿನ ಕಂಪ್ಯೂಟ್ರಿಗೆ. ಕಾವ್ಲಿನ ಯಂತ್ರಕ್ಕಲ್ಲ."

"ಅಂಗಾರೆ ಆ ಕಾವ್ಲಿನ ಯಂತ್ರಾನೇ ಕಿತ್ತಾಕಿ."

"ಕಿತ್ತಾಕಿ ಸಾ. ವೈರಸ್ ಬಂದ್ರೆ ಕುರ್ಚಿ ಆಕಿ ಕಾಪಿ ಕೊಡಿ."

ಸಿಬ್ಬಂದಿಯೆಲ್ಲ ನಕ್ಕರು. ಆ ನಗುವನ್ನು ಕಾರ್ಯದರ್ಶಿ ಮರೆಯಲಿಲ್ಲ.

ಇಂಥ ಡ್ರೈವರುಗಳನ್ನು ಸಂಬಳವಿಲ್ಲದೆ ಬರೆಯುವ ಜನ ಹೊರದೇಶಗಳಲ್ಲಿದ್ದರು. ಅವರಲ್ಲೊಬ್ಬರಿಗೆ ಮೇಷ್ಟ್ರು ಈಮೇಲ್ ಬರೆದರು. ತಯಾರಕರು ಚಿಪ್ಪಿನ ವಿವರ ಬಿಟ್ಟುಕೊಡುತ್ತಿಲ್ಲ, ಕಾರ್ಡೇ ಕೈಗೆ ಸಿಕ್ಕರೆ ತಡಕಿ ತಡಕಿ ಬರೆಯಬಹುದು ಎಂದು ಉತ್ತರ ಬಂತು. ಮೇಷ್ಟ್ರು ಯಾರನ್ನೂ ಕೇಳದೆ, ಮಿಕ್ಕಿದ್ದ ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿಬಿಟ್ಟರು. ಮುಚ್ಚಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿದರು: "ಇಲ್ಲಿದ್ರೂ ಸತ್ತಂಗೇ ಇತ್ತು. ಅಲ್ಲೋದ್ರೆ ಜೀವ ಬತ್ತದೆ."

ಕೇಳದೆ ಕಳಿಸಿದ್ದು ತಪ್ಪು. ಅಂದೇ ಅವರಿಗೆ ಹೇಳಿದೆ. "ಕೇಳಿದ್ರೆ ಕೊಡ್ತಿದ್ರಾ ಮೇಡಂ?" ಎಂದರು. ಕೊಡುತ್ತಿರಲಿಲ್ಲ.

ಡ್ರೈವರ್ ಬರುವ ಮೊದಲೇ ಪರಿಶೀಲನಾ ಸಮಿತಿ ಬಂತು. ಹೊಸ ಲ್ಯಾಬಿನ ಪರದೆಗಳಲ್ಲಿ ಒಂದು ವೆಬ್ ಪುಟವೂ ಮೂಡಲಿಲ್ಲ. ಮಾನ್ಯತೆ ನಿರಾಕರಿಸಿ ಹೋದರು. ಕಾರ್ಯದರ್ಶಿ ಸಾಮಾನು ತಪಾಸಣೆ ಮಾಡಿಸಿದರು. ಒಂದು ಕಾರ್ಡು ಕಮ್ಮಿ. ಆಡಳಿತ ಮಂಡಳಿಯ ಸಭೆಗೆ ಮೇಷ್ಟ್ರನ್ನು ಕರೆಸಿದರು.

"ಕದ್ದಿಲ್ಲ ಸಾ, ಕಳ್ಸಿದ್ದು. ಅಂಚೆ ರಸೀತಿ ಐತೆ."

"ಕಾಲೇಜಿನ ಸಾಮಾನ ಫಾರಿನ್‌ಗೆ ದಾನ ಮಾಡಕ್ಕೆ ನೀನ್ಯಾವನ್ಲಾ? ನಿಮ್ಮೋರ್ನ ಒಳಕ್ ಬಿಟ್ಕಂಡಿದ್ದೇ ತಪ್ಪು."

ಕಾರ್ಯದರ್ಶಿಯ ಬಾಯಲ್ಲಿ ಅಲ್ಲಿಯವರೆಗಿದ್ದ 'ರೀ' ಅಂದು 'ಲಾ' ಆಯಿತು. ಯಾವ ಮಾತಿಗೂ ಮಾರುತ್ತರ ಕೊಡುತ್ತಿದ್ದ ಮನುಷ್ಯ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟರು. ಸುತ್ತ ಕುಳಿತ ಸದಸ್ಯರಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಎದ್ದು, ಆದದ್ದು ನಿಯಮೋಲ್ಲಂಘನೆ, ಕಾರ್ಡಿನ ಬೆಲೆ ವಸೂಲು ಮಾಡಿ, ಕಳವು ಎನ್ನಬೇಡಿ ಎಂದೆ. ಕಳವು ಎಂದೇ ತೀರ್ಮಾನಿಸಿದರು. ಕೆಲಸದಿಂದ ತೆಗೆದರು.

ಆ ಕಳವಿನ ಮಾತು ಹೊತ್ತವರಿಗೆ ಬೇರೆ ಯಾವ ಕಾಲೇಜೂ ಬಾಗಿಲು ತೆರೆಯಲಿಲ್ಲ. ಅವರು ನಂಜನಗೂಡಿನ ಬಸ್ ನಿಲ್ದಾಣದ ಬಳಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತರು.

ಮುಂದಿನ ವರ್ಷ ಆ ಫೈರ್‌ವಾಲಿನ ಹೊಸ ಆವೃತ್ತಿ ಬಂತು, ಅಂಚೆಯಲ್ಲಿ ಹೋದ ಕಾರ್ಡನ್ನು ತಡಕಿ ಬರೆದ ಡ್ರೈವರ್ ಸಮೇತ. ಮೇಷ್ಟ್ರ ಜಾಗಕ್ಕೆ ಬಂದವರು ಅದನ್ನು ಹಾಕಿದ ಕೂಡಲೇ, ಯಂತ್ರದೊಳಗೆ ಸುಮ್ಮನೆ ಕೂತಿದ್ದ ಕಾರ್ಡು ಮಾತಾಡಿತು. ರಸ್ತೆಯಾಚೆಯ ಲ್ಯಾಬಿಗೆ ಇಂಟರ್‌ನೆಟ್ ತಲುಪಿತು, ಮಾನ್ಯತೆಯೂ ಬಂತು. "ಇವ್ರು ಕಣ್ರೀ ಕೆಲ್ಸಗಾರ್ರು ಅಂದ್ರೆ" ಎಂದು ಕಾರ್ಯದರ್ಶಿ ಹೊಸಬರ ಬೆನ್ನು ತಟ್ಟಿದರು.

ನಾನು ನಂಜನಗೂಡಿಗೆ ಹೋಗಿ ಸುದ್ದಿ ಹೇಳಿದೆ. ಮೇಷ್ಟ್ರು ಕೈಲಿದ್ದ ಮೊಬೈಲನ್ನು ಕೆಳಗಿಟ್ಟರು.

"ಸಿಗ್ನಲ್ಲು ಬಿಟ್ಟು ಬಿಟ್ಟು ಬತ್ತದಾ, ಒಂದೇ ಸಮ್ನೆ ಬತ್ತದಾ?"

"ಒಂದೇ ಸಮನೆ ಬರುತ್ತಿದೆ."

"ಲಾರಿ ಅಡ್ಡ ಬಂದ್ರೂ?"

"ಬಂದರೂ."

ಬಾಯಿ ತುಂಬ ನಕ್ಕರು. ನನಗೆ ನಗು ಬರಲಿಲ್ಲ. ಹೊರಡುವಾಗ ಅಂಗಡಿಯ ಮೆಟ್ಟಿಲವರೆಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ಆ ಮಾತ್ನ ಈಗಾದ್ರೂ ತೆಗಿತಾರಾ ಮೇಡಂ?"

ಕಾರ್ಯದರ್ಶಿಯನ್ನು ಕೇಳಿದೆ. "ಕಾರ್ಡು ಕೆಲ್ಸ ಮಾಡ್ತಾ ಐತಲ್ಲ, ಈಗ್ಯಾಕ್ ಅದ್ನ ಕೆದಕ್ತೀರಿ?" ಎಂದರು. ಪ್ರತಿ ಸಭೆಯಲ್ಲೂ ವಿಷಯ ಎತ್ತಿದೆ. ಪ್ರತಿ ಸಭೆಯೂ ಅದನ್ನು ಮುಂದಿನ ಸಭೆಗೆ ತಳ್ಳಿತು.

ಹೀಗೆ ತಳ್ಳುತ್ತಿರುವಾಗಲೇ ಮೇಷ್ಟ್ರು ಕಾಮಾಲೆಯಿಂದ ತೀರಿಕೊಂಡರು. ಕಾಲೇಜಿನ ಪರವಾಗಿ ಒಂದು ಹಾರ ಕೊಟ್ಟು ನನ್ನನ್ನೇ ಹದಿನಾರಿಗೆ ಕಳಿಸಿದರು. ಹೊಸ್ತಿಲಲ್ಲಿ ಅವರ ಹೆಂಡತಿ ಹಾರವನ್ನೂ ನನ್ನನ್ನೂ ನೋಡಿದರು.

"ಅವ್ರ್ ಮೇಲಿದ್ ಮಾತ್ನ ತಗುದ್ರಾ ಮೇಡಂ?"

"ಇಲ್ಲಮ್ಮ."

"ಅಂಗಾರೆ ನೀವು ಒಳೀಕ್ ಬನ್ನಿ. ಅದು ಬ್ಯಾಡ."

ಹಾರವನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಮೇಷ್ಟ್ರ ಕಾಲು ಮುಟ್ಟಿ ಬಂದೆ. ಬಸ್ಸಿನಲ್ಲಿ ನರಸೀಪುರದವರೆಗೂ ಆ ಹಾರ ನನ್ನ ತೊಡೆಯ ಮೇಲಿತ್ತು. ಮರುದಿನ ಬೆಳಿಗ್ಗೆ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು, "ತೆಗೆದುಕೊಳ್ಳಲಿಲ್ಲ" ಎಂದು ಹೇಳಿ, ಮೊದಲ ಪೀರಿಯಡ್ಡಿಗೆ ಹೋದೆ.