ಬರೆಯದೆ ತಿಂದ ಹುಗ್ಗಿ

ನಾನು ದಪ್ಪಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ಯಾಕೆಂದರೆ ಮುಂದೆ ಬರುವುದೆಲ್ಲ ಬೊಜ್ಜಿನ ಸಮಾಚಾರ. ಅದನ್ನು ಯಾರೋ ತೆಳ್ಳಗಿನವರು ಬರೆದಿದ್ದಾರೆಂದು ಕಲ್ಪಿಸಿಕೊಂಡು ಓದಿದರೆ ನಿಮಗೂ ನಷ್ಟ, ನನಗೂ ನಷ್ಟ. ಹೆಣ್ಣು ನೋಡಲು ಬಂದಾಗ ನಮ್ಮತ್ತೆ "ಹುಡುಗಿ ಮೈಕೈ ತುಂಬ್ಕೊಂಡಿದಾಳೆ" ಎಂದು ಮೆಚ್ಚಿ ಮನೆ ತುಂಬಿಸಿಕೊಂಡರು. ಆಮೇಲೆ ಮೈಯೂ ಕೈಯೂ ತಮ್ಮ ಪಾಡಿಗೆ ತಾವು ತುಂಬಿಕೊಳ್ಳುತ್ತಲೇ ಹೋದವು. ನಾನೂ ಹಿರಿಯರ ಮೆಚ್ಚುಗೆಗೆ ಅಡ್ಡಬರಲಿಲ್ಲ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನನ್ನ ಕೆಲಸ ಕಾಲೇಜಿನಲ್ಲಿ ಪೋಷಣಾ ಶಾಸ್ತ್ರ ಕಲಿಸುವುದು. ಎಣ್ಣೆ, ತುಪ್ಪ, ಸಕ್ಕರೆಯ ಪಾಠ ಬಂದ ದಿನ ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗು ಕೇಳಿಸುತ್ತದೆ. ನಾನೂ ನಕ್ಕುಬಿಡುತ್ತೇನೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ನಮ್ಮ ಹಿರಿಯರು ನನ್ನಂಥವರಿಗಾಗಿಯೇ ಒಂದು ಗಾದೆ ಮಾಡಿಟ್ಟು ಹೋಗಿದ್ದಾರಲ್ಲ!

ಬೊಜ್ಜಿನ ಬಗ್ಗೆ ಸಂಶೋಧನೆ ಮಾಡುವ ವೈದ್ಯರದೂ ಆಹಾರ ತಜ್ಞರದೂ ಒಂದು ಸಂಘವಿದೆ. ವರ್ಷಕ್ಕೊಂದು ಸಮ್ಮೇಳನ. ಅದರಲ್ಲಿ ನಾನು ಬಹಳ ವರ್ಷಗಳಿಂದ ಬಗೆಬಗೆಯ ಸೇವೆ ಸಲ್ಲಿಸಿದ್ದೇನೆ. ಹೆಸರು ನೋಂದಾಯಿಸುವ ಮೇಜಿನ ಹಿಂದೆ ಕೂತಿದ್ದೇನೆ, ದೀಪಕ್ಕೆ ಬತ್ತಿ ಹೊಸೆದಿದ್ದೇನೆ, ಅತಿಥಿಗಳ ಕೈಗೆ ಹೂಗುಚ್ಛ ಕೊಟ್ಟು ಫೋಟೋದ ಅಂಚಿನಲ್ಲಿ ಅರ್ಧ ಬಂದಿದ್ದೇನೆ. ವೇದಿಕೆ ಹತ್ತಿ ಮಾತಾಡಿದ್ದು ಮಾತ್ರ ಇಲ್ಲ. ಈ ಸಲ ಸಮ್ಮೇಳನ ಮೈಸೂರಿನಲ್ಲೇ, ಜನವರಿ ಕೊನೆಗೆ. ಮಂಡಕಳ್ಳಿಗೆ ವಿಮಾನದಲ್ಲಿ ಬಂದಿಳಿಯುವ ದೊಡ್ಡ ದೊಡ್ಡ ಡಾಕ್ಟರುಗಳ ನಡುವೆ ನನಗೂ ಹತ್ತು ನಿಮಿಷ ಸಿಕ್ಕಿತ್ತು. ಪಟ್ಟಿಯಲ್ಲಿ ನನ್ನ ಹೆಸರು ನೋಡಿದ ದಿನ ಕಣ್ಣು ತುಂಬಿ ಬಂತು. ನಿವೃತ್ತಿಗೆ ಎರಡು ವರ್ಷವಿರುವಾಗ ಬಂದ ಹತ್ತು ನಿಮಿಷ ಅದು.

ಆ ಹತ್ತು ನಿಮಿಷಕ್ಕೆ ನನ್ನ ಸರಕು ಏನೆಂದರೆ ನಲವತ್ತು ಹೆಂಗಸರ ಊಟದ ಪುಸ್ತಕ. ಅಗ್ರಹಾರದಲ್ಲೂ ಮಂಡಿ ಮೊಹಲ್ಲಾದಲ್ಲೂ ಮನೆಮನೆಗೆ ಹೋಗಿ, ದಪ್ಪಗಿದ್ದೇನೆಂದು ಕೊರಗುವ ನಲವತ್ತು ಮಂದಿಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದೆ. ಪುಟಕ್ಕೆ ಮೂರು ಮನೆ ಗೆರೆ ಹಾಕಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ತಲೆಬರಹ ಕೊಟ್ಟು, ತಿಂದದ್ದನ್ನೆಲ್ಲ ಬರೆಯಿರಿ ಎಂದಿದ್ದೆ. ಪಾಪ, ಶ್ರದ್ಧೆಯಿಂದ ಬರೆದರು. ಓದಿ ನೋಡಿದರೆ ಒಬ್ಬೊಬ್ಬರೂ ತಿನ್ನುತ್ತಿದ್ದದ್ದು ಗುಬ್ಬಚ್ಚಿಯಷ್ಟು. ಎರಡು ಇಡ್ಲಿ. ಒಂದು ಮುದ್ದೆ, ಸೊಪ್ಪಿನ ಸಾರು. ರಾತ್ರಿ ಮಜ್ಜಿಗೆ ಅನ್ನ. ಇಷ್ಟು ತಿಂದು ಇಷ್ಟು ದಪ್ಪ! ನಾನು ಹಿಗ್ಗಿಹೋದೆ. ಈ ಹೆಂಗಸರ ಬೊಜ್ಜಿಗೆ ಊಟ ಕಾರಣವಲ್ಲ, ಬೇರೇನೋ ಇದೆ ಎಂದು ದಪ್ಪ ಅಕ್ಷರದಲ್ಲಿ ಕೊನೆಯ ಸ್ಲೈಡ್ ಮಾಡಿ ಕಳಿಸಿಯೂಬಿಟ್ಟೆ. ನಿಜ ಹೇಳಬೇಕೆಂದರೆ ಆ ಸ್ಲೈಡು ನನಗೇ ಸಮಾಧಾನ ಹೇಳುವಂತಿತ್ತು.

ಆದರೂ ಆ ವೇದಿಕೆಯ ಮೇಲೆ ಈ ಗಾತ್ರದಲ್ಲಿ ಹೇಗೆ ನಿಲ್ಲುವುದು? ಬೊಜ್ಜಿನ ಸಮ್ಮೇಳನದಲ್ಲಿ ಬೊಜ್ಜೇ ಎದ್ದುಬಂದು ಮಾತಾಡಿದಂತೆ ಆಗುವುದಿಲ್ಲವೇ? ಆರು ಕೆಜಿ ಇಳಿಸಿಯೇ ಇಳಿಸುತ್ತೇನೆಂದು ಹಠ ತೊಟ್ಟೆ. ನನ್ನದೂ ಒಂದು ನೋಟ್‌ಬುಕ್ ತೆರೆದೆ. ಬೆಳಗ್ಗೆ ಬೇಗ ಎದ್ದು ಮುಕ್ಕಾಲು ಗಂಟೆ ಬಿರುಸು ನಡಿಗೆ, ರಾತ್ರಿ ಅನ್ನಕ್ಕೆ ಸೊನ್ನೆ. ಸಕ್ಕರೆಯ ಡಬ್ಬವನ್ನು ಅಟ್ಟಕ್ಕೆ ಏರಿಸಿದೆ. ಯಜಮಾನರು ಬೆಲ್ಲದ ಕಾಫಿ ಕುಡಿದು ಮುಖ ಹುಳ್ಳಗೆ ಮಾಡಿಕೊಂಡರೂ ಸೋಲಲಿಲ್ಲ.

ಮೂರು ವಾರವಾಯಿತು. ತೂಕದ ಮುಳ್ಳು ಅಲುಗಾಡಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ನೆಲ ಬದಲಾಯಿಸಿ ನೋಡಿದೆ. ನಡುಮನೆಯ ರೆಡ್‌ಆಕ್ಸೈಡ್ ನೆಲ, ಹಿತ್ತಲಿನ ಚಪ್ಪಡಿ, ಕೊನೆಗೆ ದೇವರಮನೆಯ ಹೊಸಿಲ ಪಕ್ಕ. ಎಲ್ಲ ಕಡೆಯೂ ಅದೇ ಅಂಕಿ. "ಯಂತ್ರಾನ ಯಾಕೆ ಊರೆಲ್ಲಾ ಮೆರವಣಿಗೆ ಮಾಡ್ತೀಯೇ? ಅದೇನು ಸುಳ್ಳು ಹೇಳುತ್ತಾ?" ಎಂದರು ಯಜಮಾನರು. ಬೆಲ್ಲದ ಕಾಫಿಯ ಸೇಡು ಅದು. ನಾನು ನೋಟ್‌ಬುಕ್ ತೆಗೆದು ಮುಖದ ಮುಂದೆ ಹಿಡಿದೆ. ನೋಡಿ, ಒಂದು ಅಕ್ಷರ ಆಚೀಚೆ ಇಲ್ಲ. ಅವರೂ ಓದಿ ಬೆರಗಾದರು. ನನ್ನ ಬೊಜ್ಜಿಗೂ ಊಟ ಕಾರಣವಲ್ಲ ಎಂಬುದು ಇಬ್ಬರಿಗೂ ಖಚಿತವಾಯಿತು.

ಈಗ ನೀವು ಒಂದು ವಿಷಯ ಗಮನಿಸಬೇಕು. ನನ್ನ ನಡಿಗೆ ಶುರುವಾದದ್ದು ಧನುರ್ಮಾಸದಲ್ಲಿ. ಈ ತಿಂಗಳಲ್ಲಿ ದೇವಸ್ಥಾನಗಳಲ್ಲಿ ನಸುಕಿಗೇ ಪೂಜೆ, ಪೂಜೆ ಮುಗಿದ ಕೂಡಲೇ ಹುಗ್ಗಿ. ಹೊಸ ಹೆಸರುಬೇಳೆ, ಮೆಣಸು, ಜೀರಿಗೆ, ಗೋಡಂಬಿ, ಮೇಲೆ ಕೈಬಿಚ್ಚಿ ಸುರಿದ ತುಪ್ಪ. ಚಳಿಯಲ್ಲಿ ಹೊಗೆಯಾಡುವ ಆ ದೊನ್ನೆ ಅಂಗೈಗೆ ಬಂದರೆ ಎಂಥ ನಾಸ್ತಿಕನೂ ಕಣ್ಣಿಗೊತ್ತಿಕೊಂಡಾನು. ನನ್ನ ಬಿರುಸು ನಡಿಗೆ ಅಗ್ರಹಾರದ ನಾಲ್ಕು ಬೀದಿ ಸುತ್ತಿ ಸರಿಯಾಗಿ ಮಂಗಳಾರತಿಯ ಹೊತ್ತಿಗೆ ದೇವಸ್ಥಾನದ ಮುಂದೆ ಮುಗಿಯುತ್ತಿತ್ತು. ದಾರಿ ಗೊತ್ತುಮಾಡಿಕೊಂಡದ್ದು ನಾನೇ. ಯಾಕೆ ಹಾಗೆ ಗೊತ್ತುಮಾಡಿದೆ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ದೇವಸ್ಥಾನದ ಮೆಟ್ಟಿಲ ಬಳಿ ಜಯಮ್ಮ ಹೂ ಮಾರುತ್ತಾಳೆ. ನನ್ನ ನಲವತ್ತು ಮಂದಿಯಲ್ಲಿ ಅವಳೂ ಒಬ್ಬಳು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಹುಗ್ಗಿಯ ಸಾಲಿನಿಂದ ದೊನ್ನೆ ಹಿಡಿದು ಈಚೆ ಬಂದೆ. ಜಯಮ್ಮ ಹೂವಿನ ಕುಕ್ಕೆ ಬದಿಗಿಟ್ಟು ಎರಡನೆಯ ದೊನ್ನೆ ನೆಕ್ಕುತ್ತಿದ್ದಳು. ನನಗೆ ಅವಳ ಪುಸ್ತಕ ಬಾಯಿಪಾಠ. ಬೆಳಗಿನ ಮನೆಯಲ್ಲಿ ವಾರವಿಡೀ ಒಂದೇ ಮಾತು: ಕಾಫಿ. ಸಿಕ್ಕಿಬಿದ್ದಳು ಕಳ್ಳಿ ಎಂದುಕೊಂಡು, ಮೇಷ್ಟರ ಗತ್ತಿನಲ್ಲಿ ಕೇಳಿದೆ:

"ಏನ್ ಜಯಮ್ಮ, ಇಲ್ಲಿ ಸಿಗೋದು ಒಂದನ್ನೂ ಪುಸ್ತಕದಲ್ಲಿ ಬರೆದೇ ಇಲ್ವಲ್ಲ?"

"ಇದ್ನಾ? ಅಯ್ಯೋ, ಪರ್ಸಾದಾನೂ ಬರೀಬೇಕಾ ಮೇಡಮ್ಮೋರೆ? ಅದೆಂಗೆ ಊಟ ಆಯ್ತದೆ? ನೀವು ತಿಂದಿದ್ದು ಬರೀರಿ ಅಂದ್ರಿ, ಬರ್ದೆ. ಇದು ದೇವ್ರು ಕೊಟ್ಟಿದ್ದು." ಹಾಗೆ ಹೇಳಿ ನನ್ನ ಕೈಯ ದೊನ್ನೆಯ ಕಡೆ ಕಣ್ಣು ಹಾಯಿಸಿದಳು. "ಅಲ್ಲಾ, ನೀವೂ ದಿನಾ ಬತ್ತೀರಲ್ಲ. ನೀವು ಬರ್ದ್ರಾ?"

ನಾನು ಬರೆದಿರಲಿಲ್ಲ.

ಇಪ್ಪತ್ತು ಚಿಲ್ಲರೆ ದಿನ, ದಿನಕ್ಕೊಂದು ದೊನ್ನೆ, ಒಂದೆರಡು ದಿನ ಅರ್ಚಕರು ಪ್ರೀತಿಯಿಂದ ಕೊಟ್ಟ ಎರಡನೆಯದೂ ಸೇರಿ, ಒಂದನ್ನೂ ಬರೆದಿರಲಿಲ್ಲ. ಮುಚ್ಚಿಟ್ಟಿದ್ದಲ್ಲ, ಸುಳ್ಳು ಹೇಳುವವರಿಗೆ ಸುಳ್ಳೆಂದು ಗೊತ್ತಿರುತ್ತದೆ, ನನಗೆ ಅದೂ ಗೊತ್ತಿರಲಿಲ್ಲ. ಬೆಳಗ್ಗೆ ಎಂದರೆ ತಿಂಡಿ, ತಿಂಡಿ ಮನೆಗೆ ಹೋದಮೇಲೆ. ದೊನ್ನೆ ಆ ಗೆರೆಗಳ ಆಚೆಗೇ ಉಳಿದಿತ್ತು. ಶಾಸ್ತ್ರ ಓದಿದವಳಿಗೇ ಈ ಗತಿ ಬಂದಮೇಲೆ ಜಯಮ್ಮನನ್ನು ಕಳ್ಳಿ ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹುಗ್ಗಿ ಆರುವ ಮುಂಚೆ ತಿಂದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮನೆಗೆ ಬಂದು ಸಮ್ಮೇಳನದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ಶಸ್ತ್ರಚಿಕಿತ್ಸಕರು, ಬೆತ್ತದಂತೆ ತೆಳ್ಳಗಿರುವ ಒಳ್ಳೆಯ ಮನುಷ್ಯ. ನನ್ನ ಕೊನೆಯ ಸ್ಲೈಡ್ ತಪ್ಪು, ಪುಸ್ತಕಗಳೇ ತಪ್ಪು ಎಂದೆ.

"ಮೇಡಮ್, ಎಲ್ಲಾ ಪ್ರಿಂಟಿಗೆ ಹೋಗಿದೆ. ಹತ್ತು ನಿಮಿಷದ ಮಾತು, ಅದೂ ಊಟಕ್ಕೆ ಮುಂಚೆ. ಯಾರು ಕೇಳ್ತಾರೆ ಹೇಳಿ? ಓದಿ ಇಳಿದ್ಬುಡಿ."

"ನನಗೆ ಗೊತ್ತಾಗ್ಬುಟ್ಟಿದೆಯಲ್ಲ ಸಾರ್."

"ಹಾಗಾದ್ರೆ ನಿಮ್ಮ ಹೆಸರು ತೆಗೆದುಬಿಡಲಾ? ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಸಮ್ಮೇಳನ ಯಾವ ಊರೋ, ನಾನು ಯಾವ ಮೇಜಿನ ಹಿಂದೋ! ಬಾಯಿಗೆ ಬಂದ ತುತ್ತು ಜಾರುತ್ತಿತ್ತು. ತೆಗೆಯಬೇಡಿ, ಹೊಸದು ಮಾಡಿಕೊಂಡು ಬರುತ್ತೇನೆ ಎಂದುಬಿಟ್ಟೆ. ಫೋನ್ ಇಟ್ಟಮೇಲೆ ಕ್ಯಾಲೆಂಡರ್ ನೋಡಿದೆ. ಮೂರು ವಾರ ಕೂಡ ಪೂರ್ತಿ ಉಳಿದಿರಲಿಲ್ಲ. ಮತ್ತೆ ನಲವತ್ತು ಮನೆ ಹತ್ತಿ ಇಳಿಯಬೇಕು.

ಹತ್ತಿದೆ. ಸಂಜೆ ಕಾಲೇಜು ಮುಗಿಸಿ ಆಟೋ ಹಿಡಿದು, ಮಂಡಿ ಊದಿಕೊಂಡರೂ ಬಿಡದೆ ಹತ್ತಿದೆ. ಈ ಸಲ ಪುಟಕ್ಕೆ ನಾಲ್ಕು ಮನೆ. ನಾಲ್ಕನೆಯದಕ್ಕೆ ಹೆಸರಿಡಲು ತಿಳಿಯದೆ, ಊಟವಲ್ಲದ್ದು ಎಂದು ಬರೆದೆ. ಆ ಎರಡು ಪದ ಕಂಡಿದ್ದೇ ತಡ, ಹೆಂಗಸರ ಬಾಯಿ ತೆರೆದುಕೊಂಡಿತು. ಏಕಾದಶಿಯ ಪುಟದಲ್ಲಿ ಉಪವಾಸ ಎಂದು ಬರೆದವರೊಬ್ಬರು, ಅಂದು ತಿಂದ ಅವಲಕ್ಕಿ ಒಗ್ಗರಣೆ, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನವನ್ನು ಸಂಕೋಚವೇ ಇಲ್ಲದೆ ಪಟ್ಟಿ ಮಾಡಿದರು. ಅನ್ನ ಮುಟ್ಟಿರಲಿಲ್ಲವಲ್ಲ, ಉಪವಾಸವೇ ಸರಿ. ಇನ್ನೊಬ್ಬರು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ದಿನಾ ತಿನ್ನುತ್ತಿದ್ದರು. "ಅದು ತಿನ್ನೋದಲ್ಲ ಕಣ್ರೀ, ಚೆಲ್ಲಬಾರದಲ್ಲ ಅದಕ್ಕೆ" ಎಂದರು. ಮಂಡಿ ಮೊಹಲ್ಲಾದ ಷಮೀಮ್ ಬಾನು ಅವರ ಮನೆಗೆ ಫಾತಿಹಾ ಪ್ರಾರ್ಥನೆ ಓದಿಸಿದ ಸಿಹಿ ನೆರೆಹೊರೆಯಿಂದ ಬರುತ್ತಲೇ ಇರುತ್ತದೆ. "ಅದು ಬರ್ಕತ್ತು ಮೇಡಮ್, ಊಟ ಅಲ್ಲ. ಬೇಡ ಅನ್ನೋ ಹಾಗೂ ಇಲ್ಲ" ಎಂದರು. ಜಯಮ್ಮನ ದೇವರೂ ಷಮೀಮ್ ಬಾನು ಅವರ ದೇವರೂ ಈ ವಿಷಯದಲ್ಲಿ ಒಂದೇ ಮಾತು ಆಡಿಕೊಂಡಿದ್ದರು.

ಯೋಚಿಸಿ ನೋಡಿ, ನಮ್ಮಲ್ಲಿ ತಿನ್ನುವುದಕ್ಕೆ ಎಷ್ಟು ಹೆಸರು! ರುಚಿ ನೋಡುವುದು, ಬಾಯಾಡಿಸುವುದು, ಫಲಾಹಾರ, ಪ್ರಸಾದ, ಎಲೆಗೆ ಇನ್ನೊಂದು ಹಾಕಿಸಿಕೊಳ್ಳದಿದ್ದರೆ ಬೇಜಾರು ಮಾಡಿಕೊಳ್ಳುವವರ ಉಪಚಾರ. ಇದರಲ್ಲಿ ಯಾವುದೂ ಊಟವಲ್ಲ. ಹೆಂಗಸು ಊಟ ಮಾಡುವುದು ಎಲ್ಲರದೂ ಆದಮೇಲೆ, ತಟ್ಟೆ ಹಾಕಿಕೊಂಡು ಕೂತಾಗ ಮಾತ್ರ. ಉಳಿದದ್ದೆಲ್ಲ ಭಕ್ತಿ, ಪ್ರೀತಿ, ದಾಕ್ಷಿಣ್ಯ, ಮಿಗಿಸಬಾರದೆಂಬ ಕಾಳಜಿ. ಅದಕ್ಕೆ ನಾನು ಗೆರೆಯನ್ನೇ ಹಾಕಿಕೊಟ್ಟಿರಲಿಲ್ಲ. ತಪ್ಪು ನಲವತ್ತು ಮಂದಿಯದಲ್ಲ, ನನ್ನ ಸ್ಕೇಲಿನದು.

ನಡುವೆ ಸಂಕ್ರಾಂತಿ ಬಂತು. ಹೋದ ಮನೆಯಲ್ಲೆಲ್ಲ ಎಳ್ಳು ಬೀರಿದರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುವುದು ಪದ್ಧತಿ. ನಾನು ತಿಂದು, ನಿಜ ಮಾತಾಡಿ ಎಂದು ಬೇಡಿದೆ. ಬೇಡ ಎಂದರೆ ಹಬ್ಬದ ದಿನ ಮುನಿಸು. ಮುನಿಸಿಕೊಂಡವರು ಪುಸ್ತಕ ತೆರೆಯುವುದಿಲ್ಲ. ಹೀಗೆ ಸತ್ಯಶೋಧನೆಗೆಂದು ನಾನು ತಿಂದ ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚುಗಳನ್ನೆಲ್ಲ ನಾಲ್ಕನೆಯ ಮನೆಯಲ್ಲಿ ಬರೆದುಕೊಂಡೆ. ಆ ಮನೆ ತುಂಬಿ ಪುಟದ ಹಿಂಬದಿಗೆ ಹರಿಯಿತು. ಆರು ಕೆಜಿಯ ಹಠ ಅಲ್ಲಿಗೆ ಮುಗಿಯಿತು. ಅದರ ಬದಲು ಬೇರೊಂದು ಹಠ ಗಟ್ಟಿಯಾಯಿತು: ಈ ಮೈಯಲ್ಲೇ ನಿಲ್ಲುತ್ತೇನೆ, ಇದ್ದದ್ದನ್ನೇ ಹೇಳುತ್ತೇನೆ. ರವಿಕೆಯ ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಮಾಡಿಸಿದೆ.

ಸಮ್ಮೇಳನದ ದಿನ ಮೈಕಿನ ಮುಂದೆ ನಿಂತೆ. ಮೊದಲ ಸ್ಲೈಡಿನಲ್ಲಿ ನನ್ನದೇ ಪುಸ್ತಕದ ಎರಡು ಪುಟ ಹಾಕಿದ್ದೆ. ಒಂದರಲ್ಲಿ ಮೂರು ಮನೆ, ಇನ್ನೊಂದರಲ್ಲಿ ನಾಲ್ಕು. ನಾನು ಕಳಿಸಿದ್ದ ತೀರ್ಮಾನ ತಪ್ಪು, ನೀವು ಕೈಯಲ್ಲಿ ಹಿಡಿದಿರುವ ಸಮ್ಮೇಳನದ ಪುಸ್ತಕದಲ್ಲಿ ದಯವಿಟ್ಟು ಅದನ್ನು ಹೊಡೆದುಹಾಕಿ ಎಂದು ಶುರುಮಾಡಿದೆ. ಹುಗ್ಗಿಯ ಕಥೆಗೆ ನಕ್ಕರು, ಉಪವಾಸದ ಪಟ್ಟಿಗೆ ಇನ್ನೂ ನಕ್ಕರು. ಆದರೆ ಚೆಲ್ಲಬಾರದಲ್ಲ ಅದಕ್ಕೆ ಎಂಬ ಮಾತು ಓದಿದಾಗ ಯಾರೂ ನಗಲಿಲ್ಲ. ಎಲ್ಲರಿಗೂ ಅವರವರ ತಾಯಿ ನೆನಪಾಗಿರಬೇಕು.

ಕೊನೆಗೆ ಒಬ್ಬ ಚುರುಕು ಡಾಕ್ಟರ್ ಎದ್ದು ಕೇಳಿದರು: "ಮೇಡಮ್, ಇಷ್ಟೆಲ್ಲಾ ಬರೆದು ನೀವು ಎಷ್ಟು ತೂಕ ಇಳಿಸಿದ್ರಿ?"

ವರ್ಷಗಟ್ಟಲೆ ನಾನು ಹೆದರಿಕೊಂಡಿದ್ದ ಪ್ರಶ್ನೆ ಅದೇ. ಬಂದೇಬಿಟ್ಟಿತು. "ಇಳಿದಿಲ್ಲ ಸಾರ್, ಒಂದು ಕೆಜಿ ಏರಿದೆ" ಎಂದೆ. "ಆದರೆ ಯಾಕೆ ಅಂತ ಈಗ ಗೊತ್ತು. ಹೋದ ತಿಂಗಳು ಅದೂ ಗೊತ್ತಿರಲಿಲ್ಲ."

ಚಪ್ಪಾಳೆ ಬಿತ್ತು. ಕಾರ್ಯದರ್ಶಿಗಳೂ ತಟ್ಟಿದರು. ಊಟದ ಹೊತ್ತಿಗೆ ಅವರು ಬಡಿಸುವ ಮೇಜಿನ ಬಳಿ ನಿಂತೇ ಒಂದು ಬೋಂಡಾ ಬಾಯಿಗೆ ಹಾಕಿಕೊಂಡದ್ದು ಕಂಡಿತು. ನನ್ನನ್ನು ನೋಡಿ, ರುಚಿ ನೋಡಿದೆ ಅಷ್ಟೆ ಎಂದು ಕೆಂಪಾದರು.

ಮರುದಿನ ಬೆಳಗ್ಗೆ ನಡಿಗೆಗೆ ಹೊರಟೆ. ಧನುರ್ಮಾಸ ಕಳೆದು, ಹುಗ್ಗಿಯ ಸಾಲು ಕರಗಿತ್ತು. ದಾರಿ ಮಾತ್ರ ಅದೇ. ಜಯಮ್ಮ ಕುಕ್ಕೆಯಿಂದ ತಲೆಯೆತ್ತಿ, "ಏನಾಯ್ತು ಮೇಡಮ್ಮೋರೆ? ನನ್ ಪುಸ್ತಕ ತೋರ್ಸುದ್ರಾ ಡಾಕ್ಟ್ರುಗೆಲ್ಲಾ?" ಎಂದಳು. ತೋರಿಸಿದೆ, ನೀನು ಕೇಳಿದ ಮಾತೂ ಹೇಳಿದೆ ಎಂದೆ. ಅವಳಿಗೆ ಖುಷಿಯೋ ಖುಷಿ. ಅರ್ಚಕರು ಆಗತಾನೆ ಕೊಟ್ಟಿದ್ದ ಎರಡು ಬಾಳೆಹಣ್ಣಿನಲ್ಲಿ ದೊಡ್ಡದನ್ನು ನನ್ನ ಕೈಗಿಟ್ಟಳು.

ನಾನು ಒಂದು ಕ್ಷಣ ಹಿಂದೆಮುಂದೆ ನೋಡಿದೆ.

"ಅಯ್, ತಿನ್ನಿ ಮೇಡಮ್ಮೋರೆ. ಆಮೇಲ್ ಬರ್ಕೊಳ್ಳಿ."

ತಿಂದೆ. ಬರೆದುಕೊಂಡೆ.